ಎದೆಯೊಳಗಿನ ಬರಿದು ಜಾಗ

ಶ್ವಾಸಕೋಶಕ್ಕೆ ಬೂಷ್ಟು ಹಿಡಿಯುತ್ತದೆ ಎಂದರೆ ಕೇಳಿದವರಿಗೆ ಮೊದಲು ಆಶ್ಚರ್ಯವಾಗುತ್ತದೆ. ಆಮೇಲೆ ತುಸು ಹೇಸಿಗೆಯೂ ಆದೀತು. ಬೂಷ್ಟು ಹಿಡಿಯುವುದು ಮಳೆಗಾಲದಲ್ಲಿ ಮೂಲೆಗಿಟ್ಟ ಚಪ್ಪಲಿಗೆ, ಮರೆತುಬಿಟ್ಟ ರೊಟ್ಟಿಗೆ, ನೀರು ತಾಗಿದ ಉಪ್ಪಿನಕಾಯಿಯ ಭರಣಿಗೆ. ಉಸಿರಾಡುವ ಮನುಷ್ಯನ ಎದೆಯೊಳಗೆ ಅದಕ್ಕೇನು ಕೆಲಸ? ಈ ಪ್ರಶ್ನೆಯನ್ನು ಹಿಡಿದು ವೈದ್ಯರು ನೂರೆಂಬತ್ತು ವರ್ಷಗಳಿಗೂ ಮಿಕ್ಕಿ ನಡೆದಿದ್ದಾರೆ. ಆ ದಾರಿಯ ಕತೆಯನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದು ನನ್ನ ಆಸೆ. ನಾನು ಶಸ್ತ್ರವೈದ್ಯನಲ್ಲ, ವೈದ್ಯದ ಚರಿತ್ರೆಯನ್ನು ಆಸಕ್ತಿಯಿಂದ ಓದಿಕೊಂಡು ಬಂದವನು. ಹಾಗೆ ಓದುತ್ತ ಹೋದಂತೆ ನನಗೆ ಒಂದು ಸಂಗತಿ ಮನದಟ್ಟಾಯಿತು. ಶ್ವಾಸಕೋಶದ ಬೂಷ್ಟಿನ ಮೇಲೆ ಶಸ್ತ್ರವೈದ್ಯರು ಹೂಡಿದ ಯುದ್ಧದಲ್ಲಿ ಅವರನ್ನು ಹೆಚ್ಚು ಕಾಡಿದ ವೈರಿ ಬೂಷ್ಟಲ್ಲ, ಎದೆಯೊಳಗೆ ಉಳಿದುಬಿಡುವ ಬರಿದು ಜಾಗ.

ಮೊದಲು ಬೂಷ್ಟಿನ ಪರಿಚಯ ಮಾಡಿಕೊಳ್ಳೋಣ. 1729ರಲ್ಲಿ ಫ್ಲಾರೆನ್ಸ್ ನಗರದ ಸಸ್ಯಶಾಸ್ತ್ರಜ್ಞ ಪಿಯೆರ್ ಆಂಟೋನಿಯೊ ಮಿಕೇಲಿ ಸೂಕ್ಷ್ಮದರ್ಶಕದಡಿ ಒಂದು ಬೂಷ್ಟನ್ನು ನೋಡಿದ. ತೆಳುವಾದ ದಂಟು, ಅದರ ತುದಿಯಲ್ಲಿ ಗುಂಡು ತಲೆ, ಆ ತಲೆಯ ಸುತ್ತ ಸರಸರವಾಗಿ ಬೀಜಕಣಗಳು. ಅವನ ನಾಡಿನ ಚರ್ಚುಗಳಲ್ಲಿ ಪಾದ್ರಿಗಳು ಭಕ್ತರ ಮೇಲೆ ತೀರ್ಥ ಚಿಮುಕಿಸುವ ಒಂದು ಸಾಧನವುಂಟು. ನಮ್ಮಲ್ಲಿ ಮಾವಿನೆಲೆಯಿಂದ ಪ್ರೋಕ್ಷಣೆ ಮಾಡುವಂತೆ. ಅದರ ಆಕಾರ ನೆನಪಿಗೆ ಬಂದು, ಅದರ ಲ್ಯಾಟಿನ್ ಹೆಸರನ್ನು ಅನುಸರಿಸಿ, ಬೂಷ್ಟಿಗೆ ಆಸ್ಪರ್ಜಿಲಸ್ ಎಂದು ಕರೆದ. ತೀರ್ಥದ ಹೆಸರು ಹೊತ್ತ ಈ ಜೀವಿ ಹುಲ್ಲಿನ ಬಣವೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ, ಕಣಜದ ಕಾಳಿನಲ್ಲಿ, ಮನೆಯ ಧೂಳಿನಲ್ಲಿ ಎಲ್ಲೆಲ್ಲೂ ಇದೆ. ಅದರ ಬೀಜಕಣಗಳು ಒಂದು ಮಿಲಿಮೀಟರಿನ ಮುನ್ನೂರನೇ ಒಂದು ಭಾಗದಷ್ಟು ಸಣ್ಣವು, ಗಾಳಿಯಲ್ಲಿ ತೇಲುತ್ತವೆ. ಪ್ರತಿಯೊಬ್ಬರೂ ದಿನಕ್ಕೆ ನೂರಾರು ಕಣಗಳನ್ನು ಒಳಗೆ ಸೆಳೆದುಕೊಳ್ಳುತ್ತೇವೆ. ಆರೋಗ್ಯವಾಗಿರುವ ಶ್ವಾಸಕೋಶ ಅವನ್ನು ಮೊಳೆಯಗೊಡುವುದಿಲ್ಲ. ಲೋಳೆಯಲ್ಲಿ ಹಿಡಿದು ಹೊರದೂಡುತ್ತದೆ, ಉಳಿದವನ್ನು ರಕ್ತದ ಬಿಳಿಯ ಕಣಗಳು ನುಂಗಿಹಾಕುತ್ತವೆ.

ಹೀಗೆ ನಿರುಪದ್ರವಿಯೆಂದು ತೋರುವ ಬೂಷ್ಟು ಮನುಷ್ಯನ ಎದೆಯಲ್ಲಿಯೂ ಬೆಳೆಯಬಲ್ಲದೆಂದು ಗೊತ್ತಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1842ರಲ್ಲಿ ಎಡಿನ್‌ಬರೋದ ವೈದ್ಯ ಜಾನ್ ಹ್ಯೂಸ್ ಬೆನೆಟ್ ಒಬ್ಬ ಕ್ಷಯರೋಗಿಯ ಶ್ವಾಸಕೋಶದಲ್ಲಿ ಶಿಲೀಂಧ್ರವನ್ನು ಕಂಡು ವರ್ಣಿಸಿದ. 1856ರಲ್ಲಿ ಜರ್ಮನಿಯ ವಿರ್ಕೋ ಇಂಥ ರೋಗಿಗಳ ವಿವರವನ್ನು ಇನ್ನಷ್ಟು ನಿಖರವಾಗಿ ಬರೆದ. 1863ರಲ್ಲಿ ಫ್ರೆಸೀನಿಯಸ್ ಎಂಬ ವಿದ್ವಾಂಸ ಎರ್ಲಡ್ಡು ಜಾತಿಯ ದೊಡ್ಡ ಹಕ್ಕಿಯೊಂದರ ಉಸಿರಿನ ಅಂಗಗಳಲ್ಲಿ ಹೊಗೆಬಣ್ಣದ ಬೂಷ್ಟನ್ನು ಕಂಡು, ಅದಕ್ಕೆ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂದು ಹೆಸರಿಟ್ಟ. ನಮ್ಮ ಕತೆಯ ಮುಖ್ಯಪಾತ್ರ ಇದೇ.

1890ರಲ್ಲಿ ಪ್ಯಾರಿಸ್ಸಿನಿಂದ ಒಂದು ವಿಚಿತ್ರ ವರದಿ ಬಂತು. ಅಲ್ಲಿ ಮಾರುಕಟ್ಟೆಗೆ ಪಾರಿವಾಳಗಳನ್ನು ಕೊಬ್ಬಿಸುವ ಕಸುಬಿನವರಿದ್ದರು. ಅವರು ಕಾಳನ್ನೂ ನೀರನ್ನೂ ತಮ್ಮ ಬಾಯಿಯಲ್ಲಿ ತುಂಬಿಕೊಂಡು, ಹಕ್ಕಿಯ ಕೊಕ್ಕಿಗೆ ಬಾಯಿಟ್ಟು ಊದಿ ತಿನ್ನಿಸುತ್ತಿದ್ದರು. ದಿನವೂ ನೂರಾರು ಹಕ್ಕಿಗಳಿಗೆ ಹೀಗೆ ಉಣಿಸುತ್ತಿದ್ದ ಇವರಲ್ಲಿ ಕೆಲವರಿಗೆ ಕೆಮ್ಮು, ಜ್ವರ, ಕಫದಲ್ಲಿ ರಕ್ತ; ನೋಡುವವರಿಗೆ ಥೇಟು ಕ್ಷಯ. ದ್ಯುಲಾಫುವಾ, ಶಾಂತ್‌ಮೆಸ್, ವಿಡಾಲ್ ಎಂಬ ಮೂವರು ವೈದ್ಯರು ಪರೀಕ್ಷಿಸಿದಾಗ ಅವರ ಕಫದಲ್ಲಿ ಬೂಷ್ಟು ಕಂಡಿತು. ಇದು ಕ್ಷಯದ ವೇಷ ತೊಟ್ಟ ಬೇರೊಂದು ರೋಗವೆಂಬುದು ಅಂದು ತಿಳಿಯಿತು. ಕ್ಷಯಕ್ಕೂ ಬೂಷ್ಟಿಗೂ ಇರುವ ನಂಟು ಅದಕ್ಕಿಂತ ಆಳವಾದದ್ದೆಂದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ನಂಟು ಅರ್ಥವಾಗಬೇಕಾದರೆ ಕ್ಷಯ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಕ್ಷಯದ ಕ್ರಿಮಿ ಶ್ವಾಸಕೋಶದ ಮೇಲ್ಭಾಗವನ್ನು ತಿಂದು ಅಲ್ಲಿ ಕುಳಿ ಮಾಡುತ್ತದೆ. ಹಳೆಯ ಮರದಲ್ಲಿ ಪೊಟರೆ ಬೀಳುವಂತೆ. ಈ ಕುಳಿಯ ಗೋಡೆ ಗಟ್ಟಿ, ಒಳಗೆ ಗಾಳಿ, ಸುತ್ತ ನಾರು. ಔಷಧವಿಲ್ಲದ ಕಾಲದಲ್ಲಿ ಕುಳಿ ಬಿದ್ದ ರೋಗಿಗೆ ಬದುಕುವ ಆಸೆ ಕಡಮೆ. ಕುಳಿಯನ್ನು ಹೇಗಾದರೂ ಮುಚ್ಚಬೇಕು, ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡಬೇಕು ಎಂಬ ವಿಚಾರ ಹುಟ್ಟಿದ್ದು ಆಗ. 1882ರಲ್ಲಿ ಇಟಲಿಯ ಫೋರ್ಲಾನೀನಿ ಎದೆಯ ಗೋಡೆಗೂ ಶ್ವಾಸಕೋಶಕ್ಕೂ ನಡುವೆ ಸೂಜಿಯಿಂದ ಗಾಳಿ ಹೊಗಿಸುವ ಉಪಾಯವನ್ನು ಸೂಚಿಸಿದ. ಸಾಹಿತ್ಯ ಬಲ್ಲವರಿಗೆ ಈ ಚಿಕಿತ್ಸೆ ಅಪರಿಚಿತವಲ್ಲ. ತೋಮಸ್ ಮನ್ 1924ರಲ್ಲಿ ಪ್ರಕಟಿಸಿದ ‘ಮಾಯಾ ಪರ್ವತ’ ಕಾದಂಬರಿಯ ಸ್ಯಾನಿಟೋರಿಯಮ್ಮಿನಲ್ಲಿ ಈ ಚಿಕಿತ್ಸೆ ಪಡೆದವರೆಲ್ಲ ಸೇರಿ ‘ಅರ್ಧ ಶ್ವಾಸಕೋಶದ ಸಂಘ’ ಕಟ್ಟಿಕೊಂಡಿರುತ್ತಾರೆ.

ಗಾಳಿಯಿಂದ ಕುಗ್ಗದ ಶ್ವಾಸಕೋಶಕ್ಕೆ ಇನ್ನೊಂದು ದಾರಿ ಇತ್ತು. ಅದು ಕಠೋರವಾದ ದಾರಿ. 1879ರಲ್ಲಿ ಫಿನ್ಲೆಂಡಿನ ಎಸ್ಟ್ಲಾಂಡರ್ ಎಂಬ ಶಸ್ತ್ರವೈದ್ಯ, ಎದೆಯಲ್ಲಿ ಕೀವು ತುಂಬಿ ವಾಸಿಯಾಗದ ರೋಗಿಗಳಿಗೆ ಪಕ್ಕೆಲುಬುಗಳ ತುಂಡುಗಳನ್ನು ಕತ್ತರಿಸಿ ತೆಗೆಯುತ್ತಿದ್ದ. ಎಲುಬಿನ ಆಸರೆ ಹೋದ ಮೇಲೆ ಎದೆಯ ಗೋಡೆ ಒಳಗೆ ಕುಸಿಯುತ್ತದೆ; ಬರಿದು ಜಾಗ ಮುಚ್ಚಿಹೋಗುತ್ತದೆ. ಇದನ್ನೇ ಮುಂದೆ ಕ್ಷಯದ ಕುಳಿಗೂ ಬಳಸಿದರು. ಅಮೆರಿಕದ ಜಾನ್ ಅಲೆಕ್ಸಾಂಡರ್ ತಾನೇ ಕ್ಷಯದಿಂದ ಹಾಸಿಗೆ ಹಿಡಿದಿದ್ದಾಗ ಈ ಶಸ್ತ್ರಕ್ರಿಯೆಗಳ ಕುರಿತು ಗ್ರಂಥ ರಚಿಸಿದ. ಅದು 1925ರಲ್ಲಿ ಪ್ರಕಟವಾಯಿತು. ಏಳೆಂಟು ಪಕ್ಕೆಲುಬುಗಳನ್ನು ಎರಡು ಮೂರು ಕಂತುಗಳಲ್ಲಿ, ಎಷ್ಟೋ ಸಲ ರೋಗಿ ಎಚ್ಚರವಾಗಿರುವಾಗಲೇ ತೆಗೆಯುತ್ತಿದ್ದರು. ಬದುಕಿದವರು ಒಂದು ಬದಿಗೆ ವಾಲಿದ ಭುಜವನ್ನು ಜೀವಮಾನವಿಡೀ ಹೊತ್ತು ನಡೆದರು.

ಕೆಟ್ಟ ಭಾಗವನ್ನೇ ಕತ್ತರಿಸಿ ತೆಗೆದರಾಗದೆ ಎಂದು ನೀವು ಕೇಳಬಹುದು. ಅದಕ್ಕೆ ಎದೆಯನ್ನು ತೆರೆಯಬೇಕು. ತೆರೆದೊಡನೆ ಹೊರಗಿನ ಗಾಳಿ ನುಗ್ಗಿ ಶ್ವಾಸಕೋಶ ಮುದುಡಿಕೊಳ್ಳುತ್ತದೆ, ರೋಗಿ ಉಸಿರುಗಟ್ಟುತ್ತಾನೆ. 1904ರಲ್ಲಿ ಸೌರ್‌ಬ್ರುಕ್ ಇದಕ್ಕಾಗಿ ಗಾಳಿಯ ಒತ್ತಡ ಕಡಮೆ ಮಾಡಿದ ಒಂದು ಕೋಣೆಯನ್ನೇ ಮಾಡಿದ. ರೋಗಿಯ ದೇಹವೂ ವೈದ್ಯರೂ ಕೋಣೆಯ ಒಳಗೆ, ರೋಗಿಯ ತಲೆ ಹೊರಗೆ! ಕ್ರಮೇಣ ಗಂಟಲಿನ ಮೂಲಕ ನಳಿಕೆ ಇಳಿಸಿ ಉಸಿರು ಕೊಡುವ ವಿಧಾನ ಬಂದು ಈ ಕಷ್ಟ ನೀಗಿತು. 1931ರಲ್ಲಿ ಬರ್ಲಿನ್ನಿನಲ್ಲಿ ನಿಸ್ಸೆನ್ ಒಬ್ಬ ಬಾಲಕಿಯ ಒಂದು ಶ್ವಾಸಕೋಶವನ್ನು ಎರಡು ಹಂತಗಳಲ್ಲಿ ತೆಗೆದ. 1933ರ ಏಪ್ರಿಲಿನಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಎವಾರ್ಟ್ಸ್ ಗ್ರಹಾಂ, ಕ್ಯಾನ್ಸರ್ ತಗುಲಿದ್ದ ಒಬ್ಬ ವೈದ್ಯನ ಇಡೀ ಎಡ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ಗೆದ್ದ. ಈ ಪ್ರಸಿದ್ಧ ಶಸ್ತ್ರಕ್ರಿಯೆಯಲ್ಲಿ ಹೆಚ್ಚಾಗಿ ಯಾರೂ ಗಮನಿಸದ ಒಂದು ವಿವರವಿದೆ. ಶ್ವಾಸಕೋಶವನ್ನು ತೆಗೆದ ಮೇಲೆ ಗ್ರಹಾಂ ಅಲ್ಲಿಗೆ ನಿಲ್ಲಲಿಲ್ಲ. ಅದೇ ಸಲ ಏಳು ಪಕ್ಕೆಲುಬುಗಳನ್ನೂ ತೆಗೆದ. ಯಾಕೆ? ಶ್ವಾಸಕೋಶವಿದ್ದ ಜಾಗ ಬರಿದಾಗಿ ಉಳಿಯಬಾರದೆಂದು. ಬರಿದು ಜಾಗ ಎಷ್ಟು ಅಪಾಯಕರ ಎಂಬುದನ್ನು ಅವನು ಮೊದಲೇ ಅರಿತಿದ್ದ. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಕತೆಯ ತಿರುವು. 1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. 1952ರ ಹೊತ್ತಿಗೆ ಐಸೋನಯಜಿಡ್ ಬಂತು. ಎರಡು ಯುಗಗಳ ನಡುವಿನ ಈ ಹೊಸ್ತಿಲಿನ ಮೇಲೆ ನಿಂತವನು ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್. ಸ್ಕಾಟ್ಲೆಂಡಿನ ಆಸ್ಪತ್ರೆಯಲ್ಲಿ ಮೊದಲು ಅವನ ಶ್ವಾಸಕೋಶವನ್ನು ಹಳೆಯ ರೀತಿಯಲ್ಲಿ ಕುಗ್ಗಿಸಿದರು. 1948ರಲ್ಲಿ ಅಮೆರಿಕದಿಂದ ತರಿಸಿದ ಸ್ಟ್ರೆಪ್ಟೊಮೈಸಿನ್ ಕೊಟ್ಟರು. ಔಷಧ ಅವನ ಮೈಗೆ ಒಗ್ಗಲಿಲ್ಲ. 1950ರ ಜನವರಿಯಲ್ಲಿ ಶ್ವಾಸಕೋಶ ರಕ್ತ ಕಾರಿ ತೀರಿಕೊಂಡ. ಅವನಿಗೆ ದಕ್ಕದ್ದು ಲಕ್ಷಾಂತರ ಜನರಿಗೆ ದಕ್ಕಿತು. 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವು, ಬಡವರ ಮನೆಯಲ್ಲೇ ಮಾತ್ರೆ ಕೊಟ್ಟರೂ ಸ್ಯಾನಿಟೋರಿಯಮ್ಮಿನಲ್ಲಿ ವಾಸಿಯಾದಷ್ಟೇ ವಾಸಿಯಾಗುತ್ತದೆಂದು ಜಗತ್ತಿಗೆ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಸ್ಯಾನಿಟೋರಿಯಂ ಅರಮನೆಗೂ ಈ ರೋಗದಿಂದ ವಿನಾಯಿತಿ ಇರಲಿಲ್ಲವೆಂಬುದಕ್ಕೆ ಸಾಕ್ಷಿ. ಅಂಥ ರೋಗ ಈಗ ಮಾತ್ರೆಗೆ ಬಗ್ಗಿತು.

ಕ್ರಿಮಿ ಸತ್ತಿತು ನಿಜ. ಆದರೆ ಕ್ರಿಮಿ ಕೊರೆದ ಪೊಟರೆ? ಎಷ್ಟೋ ಜನರಲ್ಲಿ ಅದು ಹಾಗೇ ಉಳಿಯಿತು. ಹಿಂದಿನ ಕಾಲದಲ್ಲಿ ಅಂಥ ಕುಳಿಯವರು ಬಹುಕಾಲ ಬದುಕುತ್ತಿರಲಿಲ್ಲ, ಈಗ ಬದುಕಿದರು. ‘ಹಾಳೂರಿಗೆ ಉಳಿದವನೇ ಗೌಡ’ ಎಂದು ನಮ್ಮ ಗಾದೆ. ಕ್ಷಯ ಬಿಟ್ಟುಹೋದ ಹಾಳೂರಿನಲ್ಲಿ ಗೌಡಿಕೆ ವಹಿಸಿಕೊಂಡದ್ದು ಬೂಷ್ಟು. ಕುಳಿಯೊಳಗೆ ಬಿದ್ದ ಬೀಜಕಣವನ್ನು ಹೊರದೂಡಲು ಅಲ್ಲಿ ಲೋಳೆಯ ಹರಿವಿಲ್ಲ. ನುಂಗಲು ರಕ್ತದ ಕಾವಲಿಲ್ಲ. ಬೆಚ್ಚಗಿನ ತೇವವಿದೆ, ಗಾಳಿಯಿದೆ. ಅದು ಮೊಳೆತು, ಎಳೆಎಳೆಯಾಗಿ ಹೆಣೆದುಕೊಂಡು, ಸತ್ತ ಕೋಶಗಳನ್ನೂ ಲೋಳೆಯನ್ನೂ ಸೇರಿಸಿಕೊಂಡು ನೂಲಿನ ಉಂಡೆಯಂತಾಗುತ್ತದೆ. ಫ್ರಾನ್ಸಿನ ದೆವೆ 1938ರಲ್ಲಿ ಇಂಥ ಉಂಡೆಯನ್ನು ವರ್ಣಿಸಿದ್ದ. 1952ರಲ್ಲಿ ಲಂಡನ್ನಿನ ಹಿನ್ಸನ್, ಮೂನ್, ಪ್ಲಮರ್ ಎಂಬ ಮೂವರು ಆಸ್ಪರ್ಜಿಲಸ್ ಶ್ವಾಸಕೋಶದಲ್ಲಿ ಉಂಟುಮಾಡುವ ರೋಗಗಳನ್ನು ಬಗೆ ಬಗೆಯಾಗಿ ವಿಂಗಡಿಸಿ, ಈ ಉಂಡೆಯ ರೋಗವನ್ನು ಬೇರೆಯಾಗಿ ಗುರುತಿಸಿದರು. ಎಕ್ಸ್-ರೇ ಚಿತ್ರದಲ್ಲಿ ಅದು ಕುಳಿಯ ತಳದಲ್ಲಿ ಕುಳಿತ ಚೆಂಡಿನಂತೆ, ಮೇಲೆ ಬಿದಿಗೆಯ ಚಂದ್ರನಂಥ ಗಾಳಿಯ ಗೆರೆಯೊಡನೆ ಕಾಣುತ್ತದೆ. ರೋಗಿ ಮಗ್ಗುಲು ಬದಲಿಸಿದರೆ ಚೆಂಡೂ ಎಷ್ಟೋ ಸಲ ಉರುಳುತ್ತದೆ.

ಇದು ಎಲ್ಲೋ ಒಬ್ಬರಿಗೆ ಬರುವ ಕಾಯಿಲೆಯೇ ಎಂಬ ಸಂದೇಹಕ್ಕೆ ಬ್ರಿಟನ್ನಿನಲ್ಲಿ ಉತ್ತರ ದೊರೆಯಿತು. ಕ್ಷಯ ವಾಸಿಯಾಗಿ, ಎರಡೂವರೆ ಸೆಂಟಿಮೀಟರಿಗೆ ಕಡಮೆಯಿಲ್ಲದ ಕುಳಿ ಉಳಿದಿದ್ದ 544 ಜನರನ್ನು ಅಲ್ಲಿ ಪರೀಕ್ಷಿಸಿದರು. 1968ರ ವರದಿಯ ಪ್ರಕಾರ ಅವರಲ್ಲಿ ಶೇಕಡ 11 ಜನರಿಗೆ ಬೂಷ್ಟಿನ ಉಂಡೆಯಿತ್ತು. 1970ರ ವರದಿಯ ಹೊತ್ತಿಗೆ ಅದು ಶೇಕಡ 17ಕ್ಕೆ ಏರಿತ್ತು. ಕ್ಷಯದ ತರುವಾಯ ಬರುವ ಈ ಬಗೆಯ ದೀರ್ಘರೋಗ ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಇರಬಹುದೆಂದು 2011ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಕ್ಷಯ ಹೆಚ್ಚಾಗಿರುವ ನಮ್ಮಂಥ ದೇಶಕ್ಕೆ ಇದು ದೂರದ ಸುದ್ದಿಯಲ್ಲ.

ಉಂಡೆ ಸುಮ್ಮನಿದ್ದರೆ ಚಿಂತೆಯಿಲ್ಲ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ, ಅಪರೂಪಕ್ಕೆ ತಾನಾಗಿ ಕರಗುವುದೂ ಉಂಟು. ಆದರೆ ಕುಳಿಯ ಗೋಡೆಯಲ್ಲಿ ಉರಿತದಿಂದಾಗಿ ಹೊಸ ರಕ್ತನಾಳಗಳು ಬಳ್ಳಿಯಂತೆ ಹಬ್ಬಿರುತ್ತವೆ. ಅವುಗಳಿಗೆ ರಕ್ತ ಬರುವುದು ಮಹಾಪಧಮನಿಯ ಕಡೆಯಿಂದ. ಆದುದರಿಂದ ಒತ್ತಡ ಹೆಚ್ಚು. ಒಂದು ನಾಳ ಒಡೆದರೆ ಸಾಕು, ರೋಗಿ ಬಟ್ಟಲುಗಟ್ಟಲೆ ರಕ್ತ ಕೆಮ್ಮುತ್ತಾನೆ. ಸಾವು ಬರುವುದು ಎಷ್ಟೋ ವೇಳೆ ರಕ್ತ ಕಳೆದುಕೊಂಡದ್ದರಿಂದಲ್ಲ, ಒಳಗೇ ರಕ್ತ ತುಂಬಿ ಉಸಿರು ಕಟ್ಟಿದ್ದರಿಂದ.

ಔಷಧವಿಲ್ಲವೆ? 1950ರ ದಶಕದಲ್ಲಿ, ವೆನೆಜುವೆಲಾದ ಒರಿನೋಕೊ ನದಿಯ ಸೀಮೆಯಿಂದ ತಂದ ಮಣ್ಣಿನ ಒಂದು ಜೀವಾಣುವಿನಿಂದ ಆಂಫೊಟೆರಿಸಿನ್ ಎಂಬ ಪ್ರಬಲ ಔಷಧ ದೊರೆಯಿತು. ಆದರೆ ಔಷಧ ಹೋಗುವುದು ರಕ್ತದ ಜೊತೆಯಲ್ಲಿ. ಉಂಡೆಯೊಳಗೆ ರಕ್ತನಾಳವೇ ಇಲ್ಲ. ಊರ ಬೀದಿಯಲ್ಲೆಲ್ಲ ತಿರುಗಿದ ಅಂಚೆಯವನು ಬಾಗಿಲೇ ಇಲ್ಲದ ಮನೆಗೆ ಕಾಗದ ಹೇಗೆ ಮುಟ್ಟಿಸಿಯಾನು? ಮೇಲಾಗಿ ಆ ಔಷಧ ಮೂತ್ರಪಿಂಡಕ್ಕೆ ಕೇಡು. ಹೀಗಾಗಿ ಕತ್ತಿಯೇ ಗತಿಯೆನಿಸಿತು. ಉಂಡೆಯಿದ್ದ ಭಾಗವನ್ನು ಕತ್ತರಿಸಿ ತೆಗೆದ ಶಸ್ತ್ರಕ್ರಿಯೆಯ ವರದಿ 1948ರಲ್ಲೇ ಬಂದಿತ್ತು.

1960ರಲ್ಲಿ ಬೆಲ್ಚರ್ ಮತ್ತು ಪ್ಲಮರ್ ಎಂಬವರು ಈ ರೋಗಿಗಳನ್ನು ಎರಡು ಪಂಗಡ ಮಾಡಿದರು. ಕುಳಿಯ ಗೋಡೆ ತೆಳುವಾಗಿದ್ದು ಸುತ್ತಲ ಶ್ವಾಸಕೋಶ ಚೆನ್ನಾಗಿರುವುದು ಸರಳ. ಗೋಡೆ ದಪ್ಪವಾಗಿದ್ದು ಸುತ್ತಮುತ್ತ ಕೆಟ್ಟಿರುವುದು ಜಟಿಲ. ಇಂದಿಗೂ ಶಸ್ತ್ರವೈದ್ಯರು ಇದನ್ನೇ ಹಿಡಿದು ಮಾತಾಡುತ್ತಾರೆ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 1986ರಲ್ಲಿ ಕೊಟ್ಟ ಲೆಕ್ಕದಲ್ಲಿ ಸರಳ ಪಂಗಡದವರಲ್ಲಿ ಶಸ್ತ್ರಕ್ರಿಯೆಯ ಸಾವು ಶೇಕಡ 5ರಷ್ಟು. ಜಟಿಲ ಪಂಗಡದಲ್ಲಿ ಮೂರರಲ್ಲಿ ಒಬ್ಬರು. ಕತ್ತಿಯ ಅಗತ್ಯ ಯಾರಿಗೆ ಹೆಚ್ಚೋ ಅವರೇ ಕತ್ತಿಯನ್ನು ತಾಳಲಾರದವರು. ಈ ಸಂಕಟವನ್ನು ಯಾವ ಪಠ್ಯಪುಸ್ತಕವೂ ಪರಿಹರಿಸಿಲ್ಲ. ಒಂದೊಂದು ಹಾಸಿಗೆಯ ಬಳಿ ನಿಂತು ಒಬ್ಬೊಬ್ಬ ವೈದ್ಯ ಅದನ್ನು ಹೊಸದಾಗಿ ಬಿಡಿಸಿಕೊಳ್ಳಬೇಕು.

ಜಟಿಲವಾಗುವುದು ಯಾಕೆ? ಕುಳಿ ಎದೆಯ ಗೋಡೆಗೆ ಗಾರೆ ಹಾಕಿದಂತೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಸೂಜಿಮೊನೆಯಷ್ಟು ಜಾಗದಿಂದಲೂ ರಕ್ತ ಒಸರುತ್ತದೆ. ಕುಳಿ ಒಡೆದರೆ ಬೂಷ್ಟು ಎದೆಯಲ್ಲಿ ಚೆಲ್ಲುತ್ತದೆ. ಎಲ್ಲವೂ ಸುಸೂತ್ರವಾಗಿ ಮುಗಿದರೂ ಒಂದು ಕಂಟಕ ಉಳಿಯುತ್ತದೆ. ಆರೋಗ್ಯವಂತ ಶ್ವಾಸಕೋಶವಾದರೆ ಒಂದು ಭಾಗ ತೆಗೆದಾಗ ಮಿಕ್ಕ ಭಾಗ ಹಿಗ್ಗಿ ಆ ಜಾಗವನ್ನು ತುಂಬಿಕೊಳ್ಳುತ್ತದೆ. ಕ್ಷಯದಿಂದ ನಾರುಗಟ್ಟಿದ ಶ್ವಾಸಕೋಶ ಹಿಗ್ಗಲಾರದು. ಜಾಗ ಬರಿದಾಗಿ ನಿಲ್ಲುತ್ತದೆ. ಹೊಲಿದ ಶ್ವಾಸನಾಳದಿಂದ ಗಾಳಿ ಸೋರುತ್ತದೆ. ಅದರೊಡನೆ ಬೂಷ್ಟು ಬಂದು ಶ್ವಾಸಕೋಶದ ಹೊರಗೆ, ಪೊರೆಗಳ ನಡುವೆ ಬೇರೂರಿ ಕೀವಾಗುತ್ತದೆ. ಸಣ್ಣ ಪೊಟರೆಯನ್ನು ತೆಗೆಯಲು ಹೋಗಿ ದೊಡ್ಡ ಪೊಟರೆಯನ್ನು ಮಾಡಿದಂತಾಯಿತು.

ಇಲ್ಲಿ ಗ್ರಹಾಂನ ಮಾತಿಗೆ ಮರಳಬೇಕು. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಅಮೆರಿಕದ ಸೈನ್ಯದ ಶಿಬಿರಗಳಲ್ಲಿ ನ್ಯುಮೋನಿಯಾದ ಹಿಂದೆಯೇ ಎದೆಯಲ್ಲಿ ಕೀವು ತುಂಬಿ ತರುಣರು ಸಾಯುತ್ತಿದ್ದರು. ಇದನ್ನು ಪರಿಶೀಲಿಸಿದ ಆಯೋಗದಲ್ಲಿ ಗ್ರಹಾಂ ಇದ್ದ. ರೋಗದ ಆರಂಭದಲ್ಲೇ ಎದೆಯನ್ನು ತೆರೆದು ಗಾಳಿ ನುಗ್ಗಿಸಬೇಡಿ. ಬರಿದು ಜಾಗವನ್ನು ಶುಚಿಮಾಡಿ ಬೇಗ ಮುಚ್ಚಿ. ರೋಗಿಗೆ ಚೆನ್ನಾಗಿ ಉಣಿಸಿ — ಈ ಮೂರು ಸೂತ್ರಗಳನ್ನು ಅನುಸರಿಸಿದಾಗ ನೂರಕ್ಕೆ ಮೂವತ್ತರಷ್ಟಿದ್ದ ಸಾವು ಐದಕ್ಕಿಂತ ಕೆಳಗಿಳಿಯಿತು. ಆ ಕೀವನ್ನು ಉಂಟುಮಾಡಿದ್ದು ಬ್ಯಾಕ್ಟೀರಿಯ. ಆದರೆ ಸೂತ್ರ ಬೂಷ್ಟಿಗೂ ಸಲ್ಲುತ್ತದೆ. ಬೂಷ್ಟು ತುಂಬಿದ ಎದೆಯನ್ನು ಮೊದಲು ನಳಿಕೆಯಿಂದ ಬಸಿಯುತ್ತಾರೆ. ಸಾಲದಿದ್ದರೆ ಒಂದೆರಡು ಪಕ್ಕೆಲುಬಿನ ತುಂಡು ತೆಗೆದು ಎದೆಗೆ ಕಿಟಕಿ ಇಡುತ್ತಾರೆ. 1935ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಎಲೋಸರ್ ಕ್ಷಯದ ಕೀವಿಗಾಗಿ ವರ್ಣಿಸಿದ ಉಪಾಯ ಇದಕ್ಕೆ ಮೂಲ. ಆ ಕಿಟಕಿಯಿಂದ ದಿನವೂ ಬಟ್ಟೆ ಬದಲಿಸಿ ಶುಚಿ ಮಾಡುತ್ತಾರೆ. ಜಾಗ ಶುದ್ಧವಾದ ಮೇಲೆ ಅದನ್ನು ತುಂಬಬೇಕು. ಬೆನ್ನಿನ ಅಗಲವಾದ ಸ್ನಾಯುವನ್ನು ಅದರ ರಕ್ತನಾಳ ಕಡಿಯದಂತೆ ಒಳಕ್ಕೆ ತಿರುಗಿಸಿಯೋ, ಕರುಳನ್ನು ಹೊದ್ದಿರುವ ಕೊಬ್ಬಿನ ಪೊರೆಯನ್ನು ಮೇಲಕ್ಕೆಳೆದೋ ತುಂಬುತ್ತಾರೆ. ಅದೂ ಸಾಲದಾದಾಗ ಪಕ್ಕೆಲುಬು ತೆಗೆದು ಎದೆಯ ಗೋಡೆಯನ್ನು ಕುಸಿಯಿಸುತ್ತಾರೆ. ಎಸ್ಟ್ಲಾಂಡರನ ಕಾಲದ ಕ್ರಿಯೆ ಹೀಗೆ ಮತ್ತೆ ಬಂತು. ಸ್ಟ್ರೆಪ್ಟೊಮೈಸಿನ್ ಬಂದಾಗ ಹಳತೆಂದು ಅಟ್ಟದ ಮೇಲಿಟ್ಟ ಪಾತ್ರೆಯನ್ನು ಅಗತ್ಯ ಬಿದ್ದಾಗ ಇಳಿಸಿಕೊಂಡಂತೆ.

ಈ ನಡುವೆ ಕತ್ತಿಯ ಹೊರೆಯನ್ನು ಇಳಿಸುವ ದಾರಿಗಳೂ ತೆರೆದವು. 1964ರಲ್ಲಿ ರಮೀರೆಸ್ ಎಂಬ ವೈದ್ಯ ಶ್ವಾಸನಾಳದ ಮೂಲಕ ಸಣ್ಣ ಕೊಳವೆ ಇಳಿಸಿ ಕುಳಿಯೊಳಗೇ ಔಷಧ ಹನಿಸಿದ. 1973ರಲ್ಲಿ ಫ್ರಾನ್ಸಿನ ರೆಮಿ, ರಕ್ತ ಸೋರುವ ನಾಳವನ್ನು ಒಳಗಿನಿಂದಲೇ ಹುಡುಕಿ ಮುಚ್ಚುವ ವಿಧಾನವನ್ನು ಪ್ರಕಟಿಸಿದ. ಕೆಲವರಲ್ಲಿ ರಕ್ತ ಮರಳಿ ಬರುವುದುಂಟು. ಆದರೂ ಅಪಾಯದ ಗಳಿಗೆ ದಾಟಿ, ಶಸ್ತ್ರಕ್ರಿಯೆಗೆ ಸಜ್ಜಾಗಲು ರೋಗಿಗೆ ಸಮಯ ದೊರೆಯುತ್ತದೆ. ಮುಂದೆ ನುಂಗುವ ಮಾತ್ರೆಗಳಾದ ಇಟ್ರಕೊನಜೋಲ್, ವೊರಿಕೊನಜೋಲ್ ಬಂದವು. ಕತ್ತಿ ಹಾಕಲಾಗದ ಅನೇಕರಲ್ಲಿ ರೋಗ ಮುಂದುವರಿಯದಂತೆ ಅವು ತಡೆಹಿಡಿಯುತ್ತವೆ. ರೋಗಿಯನ್ನು ಆರಿಸುವ ವಿವೇಕವೂ ಬೆಳೆಯಿತು. 2000ದಲ್ಲಿ ಪ್ಯಾರಿಸ್ಸಿನವರು ಪ್ರಕಟಿಸಿದ 89 ಶಸ್ತ್ರಕ್ರಿಯೆಗಳಲ್ಲಿ ಸಾವು ಶೇಕಡ 6ರ ಒಳಗೇ ಇತ್ತು.

ಎಲ್ಲ ಬೂಷ್ಟಿಗೂ ಈ ನಿಧಾನ ಸಲ್ಲದೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. 2021ರಲ್ಲಿ ಕೋವಿಡ್ ಹಿಂದೆಯೇ ನಮ್ಮ ನಾಡಿನಲ್ಲಿ ಕಾಣಿಸಿಕೊಂಡ, ಕಪ್ಪು ಶಿಲೀಂಧ್ರವೆಂದು ಹೆಸರಾದ ರೋಗ ಬೇರೆ ಜಾತಿಯದು. ಅದು ಹಾಳು ಮನೆಗಾಗಿ ಕಾಯುವುದಿಲ್ಲ. ಸಕ್ಕರೆ ಕಾಯಿಲೆಯಿಂದಲೋ ಇನ್ನಾವುದರಿಂದಲೋ ಸೊರಗಿದ ದೇಹದ ಜೀವಂತ ರಕ್ತನಾಳಗಳಿಗೇ ನುಗ್ಗಿ ಅಂಗವನ್ನು ಸಾಯಿಸುತ್ತದೆ. ಹೆಚ್ಚಾಗಿ ಮೂಗು ಕಣ್ಣುಗಳ ಬಳಿ, ಕೆಲವೊಮ್ಮೆ ಶ್ವಾಸಕೋಶದಲ್ಲಿ. ಅಲ್ಲಿ ಶಸ್ತ್ರವೈದ್ಯ ಕಾಯುವಂತಿಲ್ಲ. ಔಷಧದ ಜೊತೆಯಲ್ಲೇ, ಸತ್ತ ಭಾಗವನ್ನು ಸಾಧ್ಯವಾದಷ್ಟು ಬೇಗ ತೆಗೆಯಬೇಕು.

ಈ ಚರಿತ್ರೆಯಿಂದ ನಮಗೇನು ಎಂದರೆ, ನನಗೆ ತೋರುವುದು ಇಷ್ಟು. ಕಫದಲ್ಲಿ ಕ್ರಿಮಿ ಇಲ್ಲವೆಂದು ಗೊತ್ತಾದ ದಿನ ನಾವು ರೋಗಿಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತೇವೆ, ವಾಸಿಯಾಯಿತೆನ್ನುತ್ತೇವೆ. ಐದಾರು ವರ್ಷದ ಮೇಲೆ ಅದೇ ಮನುಷ್ಯ ರಕ್ತ ಕೆಮ್ಮಿದರೆ, ಕ್ಷಯ ಮರುಕಳಿಸಿತೆಂದು ಬಗೆದು ಪರೀಕ್ಷೆಯಿಲ್ಲದೆ ಅದೇ ಮಾತ್ರೆಗಳನ್ನು ಮತ್ತೆ ಕೊಡುವುದುಂಟು. ಕ್ರಿಮಿಯೇ ಇಲ್ಲದ ಕಡೆ ಆ ಮಾತ್ರೆ ಏನು ಮಾಡೀತು? ಅವನು ಬಡವನಾಗಿದ್ದರೆ ಕೂಲಿ ಕಳೆದುಕೊಳ್ಳುತ್ತಾನೆ, ಮನೆಯವರು ಅವನ ಲೋಟವನ್ನು ಮತ್ತೆ ಬೇರೆ ಇಡುತ್ತಾರೆ. ಒಳಗಿನ ಉಂಡೆ ಸರಳದಿಂದ ಜಟಿಲದ ಕಡೆಗೆ ಸಾಗುತ್ತಿರುತ್ತದೆ. ಸರಳವಾಗಿದ್ದಾಗಲೇ ಕಂಡುಹಿಡಿದರೆ ಬದುಕುವ ಸಾಧ್ಯತೆ ಎಷ್ಟು ಹೆಚ್ಚೆಂಬುದನ್ನು ಮೇಯೋ ಕ್ಲಿನಿಕ್ಕಿನ ಆ ಎರಡು ಅಂಕೆಗಳೇ ಹೇಳುತ್ತವೆ. ಅದಕ್ಕೆ ಮೊದಲು ಬೇಕಾದದ್ದು ಒಂದು ಎಕ್ಸ್-ರೇ ಚಿತ್ರ, ಸ್ವಲ್ಪ ರಕ್ತದ ಪರೀಕ್ಷೆ. ಎಲ್ಲಕ್ಕಿಂತ ಮೊದಲು, ಕ್ಷಯ ಹೋದ ಮೇಲೂ ಅದು ಕೊರೆದ ಪೊಟರೆ ಉಳಿದಿರಬಹುದೆಂಬ ನೆನಪು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಿಂದೆ ಕ್ಷಯದಿಂದ ಪಾರಾದವರು ಯಾರಾದರೂ ಇಂದು ರಕ್ತ ಕೆಮ್ಮುತ್ತಿದ್ದರೆ, ಅವರನ್ನು ದೂರ ಕೂರಿಸುವ ಮೊದಲು ಎದೆಯ ಚಿತ್ರ ತೆಗೆಸಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.